ಎಡ-ಬಲ ಅನ್ನೋ ಒಂದೇ ಗೆರೆ ಸಾಲಲ್ಲ

ಪೊಲಿಟಿಕಲ್ ಸೈನ್ಸ್ ಪಾಠ ಮಾಡೋವಾಗ ಪ್ರತಿ ವರ್ಷ ಬೋರ್ಡ್ ಮೇಲೆ ಒಂದು ಗೆರೆ ಎಳೆದು, ಸಮಾಜವಾದ, ಉದಾರವಾದ, ಸಂಪ್ರದಾಯವಾದ ಮೂರನ್ನೂ ಅದರ ಮೇಲೆ ಗುರುತು ಮಾಡಿ ಅಂತೀನಿ. ಎಲ್ರೂ ಸಮಾಜವಾದನ ಎಡ ತುದಿಗೆ, ಸಂಪ್ರದಾಯವಾದನ ಬಲ ತುದಿಗೆ, ಉದಾರವಾದನ ನಡುವೆ ಹಾಕ್ತಾರೆ. ಆಗ ನಾನು 1847ರ ಇಂಗ್ಲೆಂಡ್ ವಿಷಯ ತೆಗೀತೀನಿ.

ಬಟ್ಟೆ ಗಿರಣಿಲಿ ಹೆಂಗಸರು, 13ರಿಂದ 18 ವಯಸ್ಸಿನ ಮಕ್ಕಳು ದಿನಕ್ಕೆ 10 ಗಂಟೆಗಿಂತ ಜಾಸ್ತಿ ದುಡೀಬಾರದು ಅಂತ ಆ ವರ್ಷ ಕಾನೂನು ಬಂತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದೋರಲ್ಲಿ ರಿಚರ್ಡ್ ಓಸ್ಟ್ಲರ್, ಲಾರ್ಡ್ ಆಶ್ಲೆ ಇಬ್ರೂ ಟೋರಿಗಳು, ಅಂದ್ರೆ ಅಲ್ಲಿನ ಸಂಪ್ರದಾಯವಾದಿಗಳು, ರಾಜ ಮತ್ತು ಚರ್ಚ್ ಮೇಲೆ ಗಟ್ಟಿ ನಂಬಿಕೆ ಇಟ್ಟೋರು. ಅಡ್ಡ ನಿಂತಿದ್ದು ಜಾನ್ ಬ್ರೈಟ್, ಅಪ್ಪಟ ಉದಾರವಾದಿ, ದುಡಿಯೋ ಜನಕ್ಕೂ ಓಟು ಬೇಕು ಅಂದೋನು, ಆದ್ರೆ ಗಿರಣಿ ಮಾಲೀಕರ ಮನೆಯೋನು. ಕೂಲಿಯೋನು ಮಾಲೀಕ ಮಾತಾಡ್ಕೊಂಡಿರೋದ್ರಲ್ಲಿ ಸರ್ಕಾರ ಯಾಕೆ ಮೂಗು ತೂರಿಸ್ಬೇಕು ಅನ್ನೋದು ಆ ಬಣದ ವಾದ.

ಸಮಾಜವಾದಿಗಳ ಜಗಳ ಶುರುವಾಗೋದೇ ಇಲ್ಲಿ. ಸ್ವಾತಂತ್ರ್ಯ ಅನ್ನೋ ಮಾತನ್ನ ಅವರು ಉದಾರವಾದಿಗಳಿಂದಲೇ ತಗೊಂಡು, ಹೊಟ್ಟೆ ಹಸ್ಕೊಂಡಿರೋನು ಒಪ್ಪಿಕೊಂಡ ಕರಾರು ಎಂಥ ಸ್ವಾತಂತ್ರ್ಯ ಅಂತ ಕೇಳಿದ್ರು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಒಂದೇ ಮನೆಯೊಳಗಿನ ಜಗಳ. ಇಂಗ್ಲೆಂಡಿನ ಉದಾರವಾದಿ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಕೊನೆಗೆ ತನ್ನನ್ನ ಸಮಾಜವಾದಿಗಳ ಸಾಲಿಗೆ ಸೇರಿಸ್ಕೊಂಡ, 1899ರಲ್ಲಿ ಜರ್ಮನಿಯ ಸಮಾಜವಾದಿ ಬರ್ನ್‌ಸ್ಟೈನ್ ಸಮಾಜವಾದ ಉದಾರವಾದದ ವಾರಸುದಾರ ಅಂತಲೇ ಬರೆದ.

ಸಂಪ್ರದಾಯವಾದಿಗಳ ಜೊತೆಗಿನ ಸಂಬಂಧ ಬೇರೆ ಥರ. ಮಾರುಕಟ್ಟೆ ಮನುಷ್ಯ ಸಂಬಂಧಗಳನ್ನ ಹಾಳು ಮಾಡ್ತಿದೆ ಅನ್ನೋ ಸಿಟ್ಟು ಇಬ್ರಿಗೂ ಇತ್ತು, ಆದ್ರೆ ಟೋರಿಗೆ ಬಡವನನ್ನ ನೋಡ್ಕೊಳ್ಳೋದು ಯಜಮಾನನ ಧರ್ಮ, ಸಮಾಜವಾದಿಗೆ ಅದು ಬಡವನ ಹಕ್ಕು. ಈ ವ್ಯತ್ಯಾಸ ಜರ್ಮನಿಯ ಸರ್ಕಾರ ನಡೆಸ್ತಿದ್ದ ಸಂಪ್ರದಾಯವಾದಿ ಬಿಸ್ಮಾರ್ಕ್ ಹತ್ರ ಕಣ್ಣಿಗೆ ರಾಚುತ್ತೆ. 1878ರಲ್ಲಿ ಸಮಾಜವಾದಿಗಳ ಸಂಘ, ಸಭೆ, ಪತ್ರಿಕೆ ಎಲ್ಲಾ ಬ್ಯಾನ್ ಮಾಡಿಸಿದ ಅದೇ ಮನುಷ್ಯ 1883ರಲ್ಲಿ ಕಾಯಿಲೆಗೆ, 1884ರಲ್ಲಿ ಕೆಲಸದ ಜಾಗದ ಅಪಘಾತಕ್ಕೆ ವಿಮೆ ತಂದ, 1889ರಲ್ಲಿ 70 ದಾಟಿದ ಕಾರ್ಮಿಕರಿಗೆ ಪೆನ್ಷನ್ನೂ ತಂದ. ಕಾರ್ಮಿಕರು ಸರ್ಕಾರದ ಋಣದಲ್ಲಿದ್ರೆ ಸಮಾಜವಾದಿಗಳ ಹಿಂದೆ ಹೋಗಲ್ಲ ಅನ್ನೋ ಲೆಕ್ಕ. ಜರ್ಮನಿಯ ಸಂಸತ್ತಾದ ರೈಕ್‌ಸ್ಟಾಗ್‌ನಲ್ಲಿ ಕಾಯಿಲೆ ವಿಮೆಗೆ ಎಡಪಂಥೀಯ ಉದಾರವಾದಿಗಳೂ ವಿರೋಧ, ಸಮಾಜವಾದಿಗಳೂ ವಿರೋಧ, ಕಾರಣ ಮಾತ್ರ ಬೇರೆ ಬೇರೆ. ಕ್ಲಾಸಲ್ಲಿ ಇದನ್ನ ಹೇಳ್ದಾಗ ಬೋರ್ಡ್ ಮೇಲಿನ ಗೆರೆ ನೋಡ್ತಾ ಮಕ್ಕಳು ಸುಮ್ಮನಾಗಿಬಿಡ್ತಾರೆ, ನನಗೆ ಇಡೀ ವರ್ಷದ ಪಾಠದಲ್ಲಿ ತುಂಬಾ ಇಷ್ಟವಾದ ಗಳಿಗೆ ಅದು.

ಬಿಸ್ಮಾರ್ಕ್ ಲೆಕ್ಕ ಮಾತ್ರ ಕೈಕೊಡ್ತು. ನಿಷೇಧ ಇದ್ರೂ ಸಮಾಜವಾದಿಗಳು ಚುನಾವಣೆಗೆ ನಿಲ್ಲಬಹುದಿತ್ತು, 1890ರಲ್ಲಿ ಎಲ್ಲಾ ಪಕ್ಷಗಳಿಗಿಂತ ಜಾಸ್ತಿ ಓಟು ಬಿದ್ದಿದ್ದು ಅವರಿಗೇ, ಅದಾಗಿ ತಿಂಗಳೊಳಗೆ ಬಿಸ್ಮಾರ್ಕ್ ಕುರ್ಚಿ ಬಿಟ್ಟಿದ್ದ.