ಡಾಕ್ಟರ್ ಹೇಳಿದ್ದು ಮಾಡಿದರೆ ಸಾಕಲ್ವಾ, ನರ್ಸ್‌ಗೆ ಎಥಿಕ್ಸ್ ಪಾಠ ಯಾಕೆ?

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿ.ಎಸ್‌ಸಿ. ನರ್ಸಿಂಗ್ ಸೇರಿದ್ದಾಳೆ. ಓದುವುದರಲ್ಲಿ ಎಥಿಕ್ಸ್, ಅಂದರೆ ವೃತ್ತಿಯ ನೀತಿ ಪಾಠ, ಅಂತಲೂ ಇದೆಯಂತೆ. ಔಷಧ ಬರೆಯುವವರು ಡಾಕ್ಟರ್, ಕೊಡುವವರು ನರ್ಸ್. ಹೇಳಿದ್ದನ್ನು ನೆಟ್ಟಗೆ ಮಾಡಿದರೆ ಸಾಕಲ್ವಾ?

ಉತ್ತರ: ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳಿದ್ದಾರೆ. ನರ್ಸಿಂಗ್ ಓದುವ ಮಕ್ಕಳೂ ಕೇಳುತ್ತಾರೆ. ಸಾಕಾಗಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಅನಿಸಿಕೆ ಸುಮ್ನೆ ಹುಟ್ಟಿದ್ದೇನೂ ಅಲ್ಲ. ಕಾಲೇಜಿನಲ್ಲಿ ದೀಪ ಬೆಳಗುವ ಕಾರ್ಯಕ್ರಮಕ್ಕೆ ನಿಮ್ಮನ್ನೂ ಕರೆಯುತ್ತಾರೆ. ಮಕ್ಕಳು ಬಿಳಿ ಯೂನಿಫಾರ್ಮ್ ಹಾಕಿ, ಕೈಯಲ್ಲಿ ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ಹೇಳುತ್ತಾರೆ. ಹೆಸರು ಆಧುನಿಕ ನರ್ಸಿಂಗ್‌ಗೆ ತಳಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್‌ರದ್ದು, ಬರೆದವರು ಮಾತ್ರ ಅವರಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಯಲ್ಲಿ ಬರೆದದ್ದು. ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಅನ್ನುವ ಮಾತು ಅದರಲ್ಲಿದೆ. ಮುಂದೆ 1953ರಲ್ಲಿ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ಮೊದಲ ನೀತಿ ಸಂಹಿತೆ ತಂದಾಗಲೂ ವೈದ್ಯರ ಆದೇಶ ಪಾಲಿಸುವುದು ನರ್ಸ್‌ಗಳ ಕರ್ತವ್ಯ ಅಂತಲೇ ಇತ್ತು. ಅಂದರೆ ಆಗ ಎಥಿಕ್ಸ್ ಅಂದರೆ ಹೆಚ್ಚುಕಮ್ಮಿ ನೀವು ಹೇಳಿದ್ದೇ.

ಹೇಳಿದ್ದು ಮಾಡುವ ಈ ರೂಢಿ ಎಲ್ಲಿಗೆ ಮುಟ್ಟಬಹುದು ಅಂತ 1966ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಚಾರ್ಲ್ಸ್ ಹಾಫ್ಲಿಂಗ್ ಅನ್ನುವ ಮನೋವೈದ್ಯರು ಮಾಡಿದ್ದು. ರಾತ್ರಿ ಡ್ಯೂಟಿಯ ನರ್ಸ್‌ಗೆ ಫೋನ್ ಬರುತ್ತದೆ. ಮಾತಾಡುವವರ ಪರಿಚಯವೇ ಇಲ್ಲ, ತಾನು ಡಾಕ್ಟರ್ ಅಂತಾರೆ. ಇಂಥ ರೋಗಿಗೆ ಆಸ್ಟ್ರೋಟೆನ್ 20 ಮಿಲಿಗ್ರಾಂ ಕೊಟ್ಟುಬಿಡಿ, ಸಹಿ ಆಮೇಲೆ ಬಂದು ಹಾಕುತ್ತೇನೆ ಅಂತಾರೆ. ಡಬ್ಬಿಯ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಅಂತ ಅಚ್ಚಾಗಿದೆ. ಆಸ್ಪತ್ರೆಯಲ್ಲಿ ಫೋನ್ ಆರ್ಡರ್ ತಗೊಳ್ಳುವಂತೆಯೂ ಇಲ್ಲ. ಆದರೂ 22 ನರ್ಸ್‌ಗಳಲ್ಲಿ 21 ಮಂದಿ ಔಷಧ ತಗೊಂಡು ಹೊರಟೇಬಿಟ್ಟರು. ಅದು ಬರೀ ಸಕ್ಕರೆ. ದಾರಿಯಲ್ಲೇ ಅವರನ್ನು ತಡೆದರು ಅನ್ನಿ.

ಇದೇ ಸನ್ನಿವೇಶವನ್ನು ಬೇರೆ 21 ನರ್ಸಿಂಗ್ ವಿದ್ಯಾರ್ಥಿಗಳಿಗೆ ಬರೀ ವಿವರಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಒಬ್ಬರೂ ಬಿಡದೆ ಎಲ್ಲರೂ ‘ಕೊಡ್ತಿರಲಿಲ್ಲ’ ಅಂದರು. ನಿಮ್ಮ ಮಗಳೂ ಹಾಗೇ ಅಂತಾಳೆ. ಆ ವಯಸ್ಸಿನಲ್ಲಿ ನಾನೂ ಅಂದಿದ್ದೆ.

1973ರಲ್ಲಿ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ತನ್ನ ಸಂಹಿತೆಯನ್ನು ತಿದ್ದಿತು. ವೈದ್ಯರ ಆದೇಶದ ಮಾತು ಹೋಯಿತು. ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದವರಿಗೆ ಅಂತ ಬಂತು. ಆಮೇಲೆ ‘ಡಾಕ್ಟರ್ ಹೇಳಿದ್ರು, ಕೊಟ್ಟೆ’ ಅನ್ನುವುದು ಉತ್ತರವಾಗಿ ಉಳಿಯಲಿಲ್ಲ.

ವಾರ್ಡಿನಲ್ಲಿ ಇದು ಹೇಗಿರುತ್ತದೆ ಅಂತ ನನ್ನದೇ ಒಂದು ರಾತ್ರಿಯಿಂದ ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಶುಗರ್ ಇದ್ದ ಅಜ್ಜಿಯೊಬ್ಬರಿಗೆ ಊಟಕ್ಕೆ ಮುಂಚೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಇನ್ಸುಲಿನ್ ಎರಡು ಬಗೆ. ಒಂದರಲ್ಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಬೇರೆ ಬೇರೆ. ನಲವತ್ತರದ್ದಕ್ಕೆ ಕೆಂಪು ಕ್ಯಾಪ್, ನೂರರದ್ದಕ್ಕೆ ಕಿತ್ತಳೆ. ನಾನು ನೂರರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿಗೆ ಹತ್ತರ ಗೆರೆಯವರೆಗೆ ಎಳೆದು ಕೊಟ್ಟುಬಿಟ್ಟೆ. ಅಜ್ಜಿಯ ಮೈಗೆ ಹೋದದ್ದು 25 ಯೂನಿಟ್.

ಗೊತ್ತಾದದ್ದು ಆಮೇಲೆ, ಟ್ರೇ ಒರೆಸುವಾಗ. ಕೆಂಪು ಕ್ಯಾಪ್ ನೂರರ ಬಾಟಲಿಯ ಪಕ್ಕದಲ್ಲೇ ಬಿದ್ದಿತ್ತು. ಅಜ್ಜಿ ಊಟ ಮಾಡಿ ಮಲಗಿದ್ದರು. ಕೇಸ್ ಶೀಟ್‌ನಲ್ಲಿ 10 ಯೂನಿಟ್ ಅಂತ ಬರೆದು ಸಹಿ ಹಾಕಿಯೂ ಆಗಿತ್ತು. ಯಾರೂ ನೋಡಿರಲಿಲ್ಲ. ಸುಮ್ಮನಿರಬಹುದಿತ್ತು. ಆದರೆ ಇನ್ಸುಲಿನ್ ಹೆಚ್ಚಾದರೆ ಶುಗರ್ ತೀರಾ ಇಳಿದು ಪ್ರಾಣಕ್ಕೇ ಅಪಾಯ. ನಿದ್ದೆಯಲ್ಲಿ ಹಾಗಾದರೆ ಪಕ್ಕದಲ್ಲಿ ಕೂತವರಿಗೂ ಬರೀ ಗಾಢ ನಿದ್ದೆ ಅನ್ನಿಸಬಹುದು. ಹಾಗಾಗಿ ಗೊತ್ತಿದ್ದವಳು ನಾನೊಬ್ಬಳೇ.

ಮೊದಲು ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ, ಆಮೇಲೆ ಡ್ಯೂಟಿ ಡಾಕ್ಟರ್‌ಗೆ. ಡಾಕ್ಟರ್ ಬೈದರು, ಜೋರಾಗೇ. ಸಿಸ್ಟರ್ ಬೈಯಲಿಲ್ಲ. ‘ಮೊದ್ಲು ಗ್ಲುಕೋಮೀಟರ್ ತಗೊಂಡ್ಬಾ, ಅಳೋದು ಬೆಳಿಗ್ಗೆ ಇಟ್ಕೋ’ ಅಂದರು. ಗ್ಲೂಕೋಸ್ ಸಿದ್ಧ ಇಟ್ಟುಕೊಂಡು, ಬೆಳಗಾಗುವವರೆಗೆ ಗಂಟೆಗೊಮ್ಮೆ ಅಜ್ಜಿಯ ಬೆರಳು ಚುಚ್ಚಿ ನೋಡಿದೆವು. ‘ಎಷ್ಟು ಸಲ ಚುಚ್ತೀಯೇ’ ಅಂತ ಅವರೂ ಬೈದರು. ಯಾಕೆ ಅಂತ ಅವರಿಗೂ ಮಗನಿಗೂ ಹೇಳಿದೆವು. ಆ ಮಗನಿಗೆ ಹೇಳಿದ ಎರಡು ನಿಮಿಷ ಇವತ್ತಿಗೂ ನೆನಪಿದೆ. ಅಜ್ಜಿಗೆ ಏನೂ ಆಗಲಿಲ್ಲ. ಎರಡು ಬಗೆಯ ಇನ್ಸುಲಿನ್ ಒಂದೇ ಟ್ರೇಯಲ್ಲಿ ಇರುತ್ತಿದ್ದುದು ಮಾರನೇ ದಿನ ಬೇರೆ ಬೇರೆ ಟ್ರೇಗೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲೇ ಇರುತ್ತಿತ್ತು, ಇನ್ನೊಬ್ಬಳ ಕೈಗೆ ಕಾಯುತ್ತಾ.

ಹಾಗಂತ ಎಲ್ಲವೂ ನರ್ಸ್‌ನ ಗಟ್ಟಿತನದ ಮೇಲೇ ನಿಂತಿದೆ ಅನ್ನುವುದನ್ನು ನಾನು ಒಪ್ಪಲ್ಲ. 1977ರಲ್ಲಿ ಹಾಫ್ಲಿಂಗ್ ಮಾಡಿದ ಥರದ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿದರು. ಈ ಸಲ ಔಷಧ ನರ್ಸ್‌ಗಳಿಗೆ ಗೊತ್ತಿದ್ದದ್ದೇ, ಪಕ್ಕದವರನ್ನು ಕೇಳುವ ಅವಕಾಶವೂ ಇತ್ತು. 18 ಮಂದಿಯಲ್ಲಿ ಹೇಳಿದಂತೆ ಕೊಡಲು ಹೊರಟವರು ಇಬ್ಬರೇ. ಔಷಧ ಗೊತ್ತಿದ್ದು, ಕೇಳಲು ಒಬ್ಬರು ಪಕ್ಕದಲ್ಲಿದ್ದರೆ ಎಷ್ಟು ವ್ಯತ್ಯಾಸ ನೋಡಿ. ನಲವತ್ತು ಹಾಸಿಗೆಗೆ ಒಬ್ಬಳನ್ನೇ ಬಿಟ್ಟು ‘ನಮ್ಮ ಸಿಸ್ಟರ್‌ಗಳಿಗೆ ಎಥಿಕ್ಸ್ ಇಲ್ಲ’ ಅನ್ನುವ ಆಡಳಿತದವರು ಮೊದಲು ತಮ್ಮ ಡ್ಯೂಟಿ ಪಟ್ಟಿ ನೋಡಿಕೊಳ್ಳಲಿ.

ಇನ್ನು ಮಗಳಿಗೆ ಹೇಳಿ: ಡೋಸ್ ಅನುಮಾನ ಬಂದರೆ ‘ಸರ್, ನೀವು ಬರೆದದ್ದು ತಪ್ಪು’ ಅಂತ ಶುರು ಮಾಡಬೇಕಿಲ್ಲ. ‘ಸರ್, ಕೊಡೋಕೆ ಮುಂಚೆ ಇದೊಂದ್ಸಲ ನೋಡ್ತೀರಾ, ಡಬ್ಬಿ ಮೇಲೆ ಬೇರೆ ಇದೆ’ ಅಂದರೆ ಸಾಕು. ಕಾರಣ ಇದ್ದರೆ ಅವರು ಹೇಳುತ್ತಾರೆ, ಇಲ್ಲದಿದ್ದರೆ ತಿದ್ದುತ್ತಾರೆ. ತುರ್ತಿನಲ್ಲಿ ಫೋನ್ ಆರ್ಡರ್ ತಗೊಳ್ಳಲೇಬೇಕಾದರೆ ಬರೆದುಕೊಂಡು, ಅವರಿಗೇ ತಿರುಗಿ ಓದಿ ಹೇಳಿ, ಹೂಂ ಅನ್ನಿಸಿಕೊಳ್ಳಬೇಕು. ಬಂದ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಅಷ್ಟಾದರೂ ಅನುಮಾನ ಹೋಗದಿದ್ದರೆ ಸಿರಿಂಜ್ ಟ್ರೇಯಲ್ಲೇ ಇರಲಿ, ಇನ್‌ಚಾರ್ಜ್ ಸಿಸ್ಟರ್‌ನ ಎಬ್ಬಿಸಲಿ. ನಡುರಾತ್ರಿ ಎಬ್ಬಿಸಿದ್ದಕ್ಕೆ ಗೊಣಗಬಹುದು. ನಮ್ಮ ಸಿಸ್ಟರ್ ಅಂತೂ ಗೊಣಗುತ್ತಲೇ ಚಪ್ಪಲಿ ಹುಡುಕುತ್ತಿದ್ದರು.