ಮೂರು ಪ್ರತಿ, ಒಂದೇ ಸಾಕ್ಷಿ

‘ಎಲ್ಲಾ ಪ್ರತಿಗಳಲ್ಲೂ ಹೀಗೇ ಇದೆ’ ಎಂದು ಯಾರಾದರೂ ವಾದಕ್ಕಿಳಿದರೆ ನನಗೆ ಮದುವೆ ಮನೆಯ ಸಾರು ನೆನಪಾಗುತ್ತದೆ. ನೂರು ಎಲೆಗಳಲ್ಲೂ ಸಾರು ಉಪ್ಪಾದರೆ ನೂರು ಅಡುಗೆಯವರು ತಪ್ಪಿದರು ಎನ್ನುತ್ತೇವೆಯೇ? ಕೊಪ್ಪರಿಗೆ ಒಂದೇ.

ಹಳೆಯ ಧರ್ಮಗ್ರಂಥಗಳೆಂದರೆ ಕೆಲವರಿಗೆ ಒಂದಕ್ಷರವೂ ಕದಲದ ಶಿಲೆ, ಇನ್ನು ಕೆಲವರಿಗೆ ಕಿವಿಯಿಂದ ಕಿವಿಗೆ ಬಂದ ಗಾಳಿಸುದ್ದಿ. ಎರಡೂ ಸೋಮಾರಿತನವೇ. ಇಬ್ಬರನ್ನೂ ಮೂಡುಬಿದಿರೆಗೆ ಕರೆದೊಯ್ಯಬೇಕು.

ದಿಗಂಬರ ಜೈನರ ಹಳೆಯ ಧರ್ಮಗ್ರಂಥ ಷಟ್ಖಂಡಾಗಮ, ಅದಕ್ಕೆ 9ನೇ ಶತಮಾನದಲ್ಲಿ ವೀರಸೇನರು ಬರೆದ ‘ಧವಲಾ’ ಟೀಕೆ, ಇವುಗಳ ಓಲೆಪ್ರತಿ ಉಳಿದದ್ದು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ. ಸೂತ್ರಗಳ ಭಾಷೆ ಪ್ರಾಕೃತ, ಓಲೆಯ ಲಿಪಿ ಹಳಗನ್ನಡ. ಬಹುಕಾಲ ಅವು ದರ್ಶನಕ್ಕಿದ್ದವು, ಓದಿಗಲ್ಲ. 19ನೇ ಶತಮಾನದ ಕೊನೆಗೆ ನಕಲು ಮಾಡಿಸುವ ಕೆಲಸವೇನೋ ಶುರುವಾಯಿತು, ಆದರೆ ನಕಲೂ ಊರು ದಾಟುವಂತಿರಲಿಲ್ಲ. ಆದರೂ ಗುಟ್ಟಾಗಿ ಮಾಡಿದ ಒಂದು ಕನ್ನಡ ಲಿಪಿಯ ಪ್ರತಿ ಉತ್ತರ ಭಾರತದ ಸಹಾರನ್‌ಪುರ ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿದು ಮತ್ತೆ ಮರಿ ಹಾಕಿತು. (ಇದೇ ಒಂದು ಪತ್ತೇದಾರಿ ಕಥೆ.) ಸಂಪಾದಕ ಹೀರಾಲಾಲ್ ಜೈನ್ 1939ರಲ್ಲಿ ಮೊದಲ ಸಂಪುಟ ಅಚ್ಚು ಹಾಕಿಸಿದಾಗ ಕೈಯಲ್ಲಿದ್ದದ್ದು ಈ ಮರಿಗಳೇ: ಅಮರಾವತಿ, ಆರಾ, ಕಾರಂಜಾ ಪ್ರತಿಗಳು.

93ನೇ ಸೂತ್ರದಲ್ಲಿ ತೊಡಕು ಬಂತು. ಮನುಷ್ಯ ಸ್ತ್ರೀಯರ ಗುಣಸ್ಥಾನಗಳ ಪಟ್ಟಿ ಅದು. ಆತ್ಮ ಮುಕ್ತಿಯತ್ತ ಏರುವ ಹದಿನಾಲ್ಕು ಮೆಟ್ಟಿಲುಗಳೇ ಗುಣಸ್ಥಾನ. ಪ್ರತಿಗಳಲ್ಲಿ ಪಟ್ಟಿ ‘ಸಂಜದಾಸಂಜದ’, ಅಂದರೆ ಅರೆಸಂಯಮದ ಐದನೇ ಮೆಟ್ಟಿಲಿಗೆ ನಿಲ್ಲುತ್ತದೆ. ಕೆಳಗೆ ಟೀಕೆಯಲ್ಲಿ ಮಾತ್ರ ವೀರಸೇನರು ‘ಹಾಗಾದರೆ ಇವರಿಗೆ ಹದಿನಾಲ್ಕು ಗುಣಸ್ಥಾನ ಹೇಗೆ?’ ಎಂಬ ಆಕ್ಷೇಪ ಎತ್ತಿ ಉತ್ತರಿಸುತ್ತಾರೆ. ಐದಕ್ಕೇ ನಿಂತ ಪಟ್ಟಿಗೆ ಹದಿನಾಲ್ಕರ ಆಕ್ಷೇಪವೇ? ಇಲ್ಲಿ ‘ಸಂಜದ’, ಅಂದರೆ ಪೂರ್ಣಸಂಯಮ, ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿ ಹಾಕಿದರು.

ಹೇಗೆ ಬಿಟ್ಟುಹೋಗುತ್ತದೆ? ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಸಂಜದಾಸಂಜದಸಂಜದ, ಒಮ್ಮೆ ಓದಿ ನೋಡಿ! ಲಿಪಿಕಾರ ಒಂದಿಷ್ಟು ಓದುತ್ತಾನೆ, ಕಾಗದಕ್ಕೆ ತಿರುಗಿ ಬರೆಯುತ್ತಾನೆ, ಮತ್ತೆ ಓಲೆಗೆ ಬರುತ್ತಾನೆ. ‘ಸಂಜದದವರೆಗೆ ಬರೆದೆ’ ಎಂದು ಗೊತ್ತು, ಎಷ್ಟನೆಯ ಸಂಜದ? ಒಂದೇ ಥರದ ಮನೆಗಳ ಸಾಲಿನಲ್ಲಿ ಪಕ್ಕದ ಮನೆಯ ಕದ ತಟ್ಟಿದ ಹಾಗೆ. ಜಪಸರದಲ್ಲಿ ಒಂದು ಮಣಿ ಹಾರಿದ ಹಾಗೆ. ನಮ್ಮ ಜೀವಕೋಶದಲ್ಲಿ ಡಿಎನ್‌ಎ ನಕಲಾಗುವಾಗಲೂ ಹೀಗೇ: ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗದಲ್ಲಿ ಕಿಣ್ವ ಹೆಚ್ಚು ಜಾರುತ್ತದೆ. ಇಷ್ಟು ಸಾಮಾನ್ಯ ಕಾರಣವಿರುವಾಗ ಪಿತೂರಿ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು.

ಮೂರು ಪ್ರತಿಗಳೂ ಒಪ್ಪಿದ್ದೇಕೆ? ಪರೀಕ್ಷೆಯಲ್ಲಿ ಇಬ್ಬರು ಸರಿಯುತ್ತರ ಬರೆದರೆ ಯಾರಿಗೂ ಅನುಮಾನವಿಲ್ಲ. ಒಂದೇ ವಿಚಿತ್ರ ತಪ್ಪನ್ನು ಬರೆದರೆ ಮೇಷ್ಟ್ರು ಹುಬ್ಬೇರಿಸುತ್ತಾರೆ. 19ನೇ ಶತಮಾನದ ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್‌ಮನ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದ ತಿರುಳೂ ಇದೇ. ಹಂಚಿಕೊಂಡ ತಪ್ಪುಗಳಿಂದ ಪ್ರತಿಗಳ ವಂಶವೃಕ್ಷ ಬರೆಯುತ್ತಾರೆ. ಒಬ್ಬ ತಾಯಿಯ ಮೂರು ಮಕ್ಕಳು ಮೂರು ಸಾಕ್ಷಿಗಳಲ್ಲ.

ಮುಂದೆ ಮೂಡುಬಿದಿರೆಯವರು ಮನಸ್ಸು ಮಾಡಿದರು, ಅಚ್ಚಾದ ಪಾಠವನ್ನು ಓಲೆಯೊಂದಿಗೆ ಹೋಲಿಸಲಾಯಿತು. ‘ಸಂಜದ’ ಅಲ್ಲಿತ್ತು! ಹೆಣ್ಣಿನ ದೇಹದಲ್ಲೇ ಮೋಕ್ಷ ಸಾಧ್ಯವೇ ಎಂಬ ಸ್ತ್ರೀಮುಕ್ತಿಯ ಹಳೆಯ ವಿವಾದಕ್ಕೆ ಇದು ತಾಗುವುದರಿಂದ ಪಂಡಿತರಲ್ಲಿ ದೊಡ್ಡ ಜಗಳವೂ ಆಯಿತು. ವೀರಸೇನರ ಉತ್ತರವೋ ಮೊದಲೇ ಸಿದ್ಧವಿತ್ತು: ಇಲ್ಲಿ ಮಾತು ಭಾವಸ್ತ್ರೀಯದು, ಅಂದರೆ ಒಳಗಿನ ಭಾವದಲ್ಲಿ ಸ್ತ್ರೀಯಾದವರದು, ದೇಹದ ಸ್ತ್ರೀಯದಲ್ಲ.

ಹಾಗೆಂದು ಆ ಓಲೆಯೂ ಮೂಲವಲ್ಲ, 12ನೇ ಶತಮಾನದ ನಕಲು. ವೀರಸೇನರ ಕಾಲಕ್ಕೇ ಸೂತ್ರಗಳಲ್ಲಿ ಪಾಠಭೇದವಿತ್ತು. ‘ಕೇಸು ವಿ ಸುತ್ತಪೋತ್ಥಏಸು’, ಅಂದರೆ ‘ಕೆಲವು ಸೂತ್ರಪುಸ್ತಕಗಳಲ್ಲಿ’, ಬೇರೆ ಪಾಠವಿದೆ ಎಂದು ಅವರೇ ಟೀಕೆಯಲ್ಲಿ ಬರೆದಿಟ್ಟಿದ್ದಾರೆ.