ಪಕ್ಕವಾದ್ಯಕ್ಕೂ ಒಂದು ತನಿ ಬೇಕು

ಮೇಜಿನ ಸುತ್ತ ಐದು ಜನ. ಹೊಸ ಆಟ, ಹೊಸ ಪಾತ್ರಗಳು. ಒಬ್ಬಳು ಕತ್ತಿ ಹಿಡಿಯುವವಳಾದಳು, ಒಬ್ಬ ಮಂತ್ರವಾದಿ, ಇನ್ನೊಬ್ಬ ಕಳ್ಳ. ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಬಂದವನಿಗೆ ಎಲ್ಲರದ್ದೂ ಒಂದೇ ಮಾತು: "ಹೀಲರ್ ಯಾರೂ ಇಲ್ಲ ಗುರು, ನೀನೇ ಕ್ಲೆರಿಕ್ ಆಗು." (ಹೀಲರ್ ಅಂದರೆ ಗಾಯ ಮಾಯಿಸುವವನು, ಕ್ಲೆರಿಕ್ ಅಂದರೆ ಆ ಕೆಲಸಕ್ಕೆ ಹೆಸರಾದ ಪೂಜಾರಿ ಪಾತ್ರ.) ಅವನು ಬೇಡ ಅನ್ನಲಿಲ್ಲ. ಎರಡು ಗಂಟೆ ಕಳೆದ ಮೇಲೆ ನೋಡಿದರೆ, ತನ್ನ ಸರದಿ ಬಂದಾಗ ಮಾತ್ರ ಮೊಬೈಲಿನಿಂದ ತಲೆ ಎತ್ತುತ್ತಿದ್ದ. "ಯಾರಿಗೆ ಪೆಟ್ಟಾಗಿದೆ? ಸರಿ, ಹೀಲ್ ಮಾಡಿದೆ." ದಾಳ ಉರುಳಿಸಿ ಮತ್ತೆ ಮೊಬೈಲಿಗೆ ಇಳಿಯುತ್ತಿದ್ದ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಿಗೆ ನಿಯಮ ಬರೆಯುವುದು ನನ್ನ ಕೆಲಸ. ಪರೀಕ್ಷೆಗೆ ಆಡಿಸುವಾಗ ಇಂಥ ಮುಖವನ್ನು ಎಷ್ಟೋ ಸಲ ನೋಡಿದ್ದೇನೆ. ಆಟಗಾರನಲ್ಲಿ ಏನೂ ತಪ್ಪಿಲ್ಲ. ನಾವು ಅವನ ಕೈಗೆ ಕೊಟ್ಟ ಪಾತ್ರದ ಕಸುಬಿನಲ್ಲೇ ತಪ್ಪಿದೆ. ಬೇರೆಯವರ ಸರದಿ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಇವನ ಸರದಿ ಹಿಂದೆ ಆದದ್ದನ್ನು ಅಳಿಸುತ್ತದೆ, ಅಷ್ಟೇ.

ಈ ಆಟಗಳನ್ನು ಆಡದವರಿಗೆ ಎರಡು ಮಾತು. ಗೇಮ್ ಮಾಸ್ಟರ್ ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಆ ಪಾತ್ರದ ಕಸುಬೇ 'ಕ್ಲಾಸ್'. ಹೊಡೆಯುವವರು, ತಡೆಯುವವರು, ಮಾಟ ಮಾಡುವವರು ಇರುತ್ತಾರೆ. ಜೊತೆಯವರನ್ನು ಎತ್ತಿ ನಿಲ್ಲಿಸುವುದೇ ಮುಖ್ಯ ಕೆಲಸವಾದ ಕ್ಲಾಸ್‌ಗಳಿಗೆ ಸಪೋರ್ಟ್ ಕ್ಲಾಸ್ ಅನ್ನುತ್ತೇವೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಬೇರೆ ಹೆಸರಿದೆ: ಪಕ್ಕವಾದ್ಯ.

ಈ ಪಕ್ಕವಾದ್ಯದ ಚರಿತ್ರೆ ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಬಗೆಯ ಮೊದಲ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಾಗ ಅದರಲ್ಲಿದ್ದದ್ದು ಮೂರೇ ಕ್ಲಾಸ್. ಹೋರಾಟಗಾರ, ಮಂತ್ರವಾದಿ, ಕ್ಲೆರಿಕ್. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ಒಬ್ಬ ರಕ್ತಪಿಶಾಚಿ ಯಾರ ಕೈಗೂ ಸಿಗದಷ್ಟು ಬಲಿತಿದ್ದ. ಅವನನ್ನು ಎದುರಿಸಲು ಹುಟ್ಟಿದವನೇ ಕ್ಲೆರಿಕ್. ಕವಚ ತೊಡುತ್ತಿದ್ದ, ಗದೆ ಹಿಡಿಯುತ್ತಿದ್ದ, ಸತ್ತೆದ್ದು ಬಂದವರನ್ನು ಓಡಿಸುತ್ತಿದ್ದ. ಮೊದಲ ಲೆವೆಲ್‌ನಲ್ಲಿ ಅವನ ಕೈಯಲ್ಲಿ ಒಂದು ಮಂತ್ರವೂ ಇರಲಿಲ್ಲ. ಅಂದರೆ ಅವನು ಹುಟ್ಟಿದ್ದು ಬ್ಯಾಂಡೇಜ್ ಕಟ್ಟಲು ಅಲ್ಲ. ಬರಬರುತ್ತಾ ಆ ಕೆಲಸ ಅವನ ತಲೆಗೆ ಬಂತು.

2000ದ ಮೂರನೇ ಆವೃತ್ತಿ ಹೊತ್ತಿಗೆ ಇದು ಎಷ್ಟು ಗಟ್ಟಿಯಾಗಿತ್ತು ಅಂದರೆ, ಕ್ಲೆರಿಕ್ ಬೆಳಿಗ್ಗೆ ಸಿದ್ಧಪಡಿಸಿಕೊಂಡ ಬಹುತೇಕ ಯಾವ ಮಂತ್ರವನ್ನಾದರೂ ಅಲ್ಲೇ ಗಾಯ ಮಾಯಿಸುವ ಮಂತ್ರವಾಗಿ ಬದಲಿಸಬಹುದು ಎಂಬ ನಿಯಮ ಬಂತು. ಒಳ್ಳೆಯ ನಿಯಮ. ಇಡೀ ದಿನದ ಮಂತ್ರವನ್ನೆಲ್ಲ ಗಾಯಕ್ಕೆಂದೇ ಎತ್ತಿಡುವ ಗೋಳು ತಪ್ಪಿತು. ಆದರೆ ಸರದಿಯ ಗೋಳು ತಪ್ಪಲಿಲ್ಲ. ಗಾಯ ಮಾಯಿಸಿದರೆ ಆ ಸರದಿಯಲ್ಲಿ ಹೊಡೆಯುವಂತಿಲ್ಲ. ಅದಕ್ಕೆ ನೇರವಾಗಿ ಕೈ ಹಾಕಿದ್ದು 2008ರ ನಾಲ್ಕನೇ ಆವೃತ್ತಿ. ಅಲ್ಲಿ ಕ್ಲೆರಿಕ್‌ನ 'ಹೀಲಿಂಗ್ ವರ್ಡ್' ಸರದಿಯ ಸಣ್ಣ ತುಣುಕನ್ನಷ್ಟೇ ತಿನ್ನುತ್ತದೆ, ಒಂದು ಕಾದಾಟಕ್ಕೆ ಎರಡು ಸಲ. ಗೆಳೆಯನನ್ನು ಎಬ್ಬಿಸಿ, ಅದೇ ಸರದಿಯಲ್ಲಿ ಗದೆಯನ್ನೂ ಬೀಸಬಹುದು. ಆ ಆವೃತ್ತಿಯ ಬಗ್ಗೆ ದೂರುವವರು ಬಹಳ. ಸಪೋರ್ಟ್ ವಿಷಯದಲ್ಲಿ ಮಾತ್ರ ನಾನು ಈಗಲೂ ಅದನ್ನೇ ತೆರೆದಿಟ್ಟುಕೊಂಡು ಕೂರುತ್ತೇನೆ.

2014ರ ಐದನೇ ಆವೃತ್ತಿಯಲ್ಲಿ ಬೇರೊಂದು ತೊಡಕು ಬಂತು. ಒಂದು ಪಾಯಿಂಟ್ ಜೀವ ಉಳಿದವನೂ ಪೂರ್ತಿ ಜೀವ ಇರುವವನಷ್ಟೇ ಜೋರಾಗಿ ಹೊಡೆಯುತ್ತಾನೆ. ಸೊನ್ನೆಗೆ ಬಿದ್ದವನಿಗೆ ಒಂದೇ ಪಾಯಿಂಟ್ ಕೊಟ್ಟರೂ ಎದ್ದು ಕೂರುತ್ತಾನೆ. ಅಲ್ಲಿ ಹೀಲಿಂಗ್ ವರ್ಡ್ ಅಂದರೆ ನಾಲ್ಕು ಮುಖದ ಒಂದು ದಾಳ, ಜೊತೆಗೆ ಮೂರೋ ನಾಲ್ಕೋ. ಸರಾಸರಿ ಐದಾರು ಪಾಯಿಂಟ್. ಎದುರಿಗಿರುವ ರಾಕ್ಷಸ ಒಂದೇ ಏಟಿಗೆ ಹತ್ತು ತೆಗೆಯುತ್ತಾನೆ ಅಂದುಕೊಳ್ಳಿ. ಬೀಳುವ ಮೊದಲೇ ಮದ್ದು ಹಾಕಿದರೆ ದಂಡ. ಬಿದ್ದ ಮೇಲೆ ಹಾಕಿದರೆ ಲಾಭ. ಹಾಗಾಗಿ ಜಾಣ ಹೀಲರ್ ಗೆಳೆಯ ಬೀಳಲಿ ಅಂತ ಕಾಯುತ್ತಾನೆ! ನಿಯಮವೇ ಅವನಿಗೆ ಇದನ್ನು ಕಲಿಸುತ್ತದೆ. 2024ರ ಪರಿಷ್ಕರಣೆಯಲ್ಲಿ ಆ ಒಂದು ದಾಳವನ್ನು ಎರಡು ಮಾಡಿದರು. ಒಳ್ಳೆಯದಾಯಿತು.

ಗಾಯದ ಮಾತು ಇಷ್ಟು ಸಾಕು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಇನ್ನೊಂದು. ಸಹಾಯ ಆಯಿತು ಅಂತ ಮೇಜಿನಲ್ಲಿ ಯಾರಿಗಾದರೂ ಗೊತ್ತಾಯಿತಾ?

'ಬ್ಲೆಸ್' ಎಂಬ ಮಂತ್ರವನ್ನೇ ತಗೊಳ್ಳಿ. ಮೂರು ಜನರಿಗೆ ಹಾಕಬಹುದು. ಏಟು ತಗುಲಬೇಕಾದರೆ 20 ಮುಖದ ದಾಳ ಉರುಳಿಸಿ ಇಷ್ಟು ಅಂಕ ತರಬೇಕು ಅಂತ ಇರುತ್ತದೆ. ಬ್ಲೆಸ್ ಇದ್ದವರು ಹೊಡೆಯುವಾಗ ಆ ದಾಳದ ಜೊತೆ ನಾಲ್ಕು ಮುಖದ ದಾಳವನ್ನೂ ಉರುಳಿಸಿ ಕೂಡಿಸಿಕೊಳ್ಳುತ್ತಾರೆ. ಸರಾಸರಿ ಎರಡೂವರೆ ಹೆಚ್ಚು. 20ರಲ್ಲಿ ಎರಡೂವರೆ ಅಂದರೆ ನೂರಕ್ಕೆ ಹನ್ನೆರಡೂವರೆ, ಎಂಟು ಏಟಿಗೆ ಒಂದು. ನಾಲ್ಕು ಸುತ್ತಿನ ಕಾದಾಟದಲ್ಲಿ ಮೂವರೂ ಸುತ್ತಿಗೊಂದು ಏಟು ಹಾಕಿದರೆ ಒಟ್ಟು 12. ಅದರಲ್ಲಿ ಒಂದೂವರೆ ಏಟು ಕ್ಲೆರಿಕ್‌ನಿಂದ ತಗುಲಿದ್ದು. ಅವನು ಕಳಕೊಂಡದ್ದು ತನ್ನ ಒಂದು ಏಟು ಮಾತ್ರ, ಅದೂ ತಗುಲಿದರೆ. ಲೆಕ್ಕದಲ್ಲಿ ಚೊಕ್ಕ ವ್ಯಾಪಾರ.

ಆದರೆ ಮೇಜಿನ ಮೇಲೆ ಏನಾಗುತ್ತದೆ? ಕತ್ತಿಯವಳು ಎರಡೂ ದಾಳ ಒಟ್ಟಿಗೆ ಉರುಳಿಸುತ್ತಾಳೆ. "ಹದಿನೇಳು!" ಅನ್ನುತ್ತಾಳೆ. ಗೇಮ್ ಮಾಸ್ಟರ್ "ತಗುಲಿತು" ಅನ್ನುತ್ತಾರೆ. ಬೇಕಾಗಿದ್ದದ್ದು ಹದಿನೈದಾ, ಹದಿನಾರಾ? ಆ ಸಣ್ಣ ದಾಳ ಇಲ್ಲದಿದ್ದರೆ ತಪ್ಪುತ್ತಿತ್ತಾ? ಯಾರೂ ಕೇಳುವುದಿಲ್ಲ. ಚಪ್ಪಾಳೆ ಕತ್ತಿಗೆ. ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿಯಲ್ಲಿ ಈ ಸಮಸ್ಯೆ ಇನ್ನೂ ಜಾಸ್ತಿ. ಅಲ್ಲಿ ಬೇಕಾದ್ದಕ್ಕಿಂತ ಹತ್ತು ಹೆಚ್ಚು ಬಂದರೆ ಏಟು ಎರಡರಷ್ಟು. ಹಾಗಾಗಿ ಬಾರ್ಡ್ ಎಂಬ ಹಾಡುಗಾರ ಕ್ಲಾಸ್ ಹಾಡಿ ಕೊಡುವ ಬರೀ ಒಂದಂಕಕ್ಕೂ ಬಹಳ ಬೆಲೆ. ಆ ಒಂದೇ ಅಂಕದಿಂದ ಫಲಿತಾಂಶ ತಿರುಗಿದಾಗ ಬಣ್ಣದಲ್ಲಿ ತೋರಿಸುವ ಒಂದು ಪುಟ್ಟ ಸಾಫ್ಟ್‌ವೇರನ್ನು ಅಭಿಮಾನಿಗಳೇ ಬರೆದಿದ್ದಾರೆ, ಆನ್‌ಲೈನ್‌ನಲ್ಲಿ ಆಡುವವರಿಗಾಗಿ. ನೋಡಿದಾಗ ನನಗೆ ಸಂತೋಷವಾಯಿತು, ಬೇಸರವೂ ಆಯಿತು. ನಿಯಮ ಬರೆದವರು ಮಾಡಬೇಕಾದ ಕೆಲಸ ಅಲ್ವಾ ಅದು?

ಸಹಾಯ ಕಾಣಬೇಕಾದರೆ ಅದು ಬರುವ ಹೊತ್ತು ಮುಖ್ಯ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿಯ ಬಾರ್ಡ್ ಗೆಳೆಯನಿಗೆ ಒಂದು ಆರು ಮುಖದ ದಾಳ ಕೊಡುತ್ತಾನೆ. 2014ರಲ್ಲಿ ಅದನ್ನು ಫಲಿತಾಂಶ ಗೊತ್ತಾಗುವ ಮೊದಲೇ ಬಳಸಬೇಕಿತ್ತು. 2024ರಲ್ಲಿ ತಪ್ಪಿತು ಅಂತ ಗೊತ್ತಾದ ಮೇಲೆ ಬಳಸಬಹುದು. ಸಣ್ಣ ತಿದ್ದುಪಡಿ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಆರು ಮುಖದ ದಾಳವನ್ನು ಮೊದಲೇ ಕೂಡಿಸಿಬಿಟ್ಟರೆ ಅದು ಫಲಿತಾಂಶ ತಿರುಗಿಸುವುದು ನೂರಕ್ಕೆ ಹದಿನೇಳೂವರೆ ಸಲ. ಆದರೆ ಆರು ಅಂಕದೊಳಗೆ ತಪ್ಪಿದೆ ಅಂತ ಗೊತ್ತಿದ್ದು ಉರುಳಿಸಿದರೆ ಸರಾಸರಿ ನೂರಕ್ಕೆ 58. ಅದಕ್ಕಿಂತ ಮುಖ್ಯ, ಆಗ ಮೇಜಿನವರೆಲ್ಲ ಉಸಿರು ಹಿಡಿದು ಆ ಒಂದೇ ದಾಳವನ್ನು ನೋಡುತ್ತಿರುತ್ತಾರೆ. ಯಾರು ಕೊಟ್ಟ ದಾಳ ಅಂತ ಎಲ್ಲರಿಗೂ ನೆನಪಿರುತ್ತದೆ.

ಈಗ ನನ್ನ ಮೇಜಿನ ಮೇಲಿರುವ ಕ್ಲಾಸ್‌ಗೆ ಬರುತ್ತೇನೆ. ಹೆಸರು ದೀವಟಿಗೆಯಾಳು. ಈ ಆಟಗಳ ಹಳೆಯ ನಿಯಮಗಳಲ್ಲಿ ಗುಹೆಗೆ ಇಳಿಯುವ ಮೊದಲು ದೀಪ ಹಿಡಿಯಲು ಒಬ್ಬ ಆಳನ್ನು ಕೂಲಿಗೆ ಗೊತ್ತು ಮಾಡಿಕೊಳ್ಳಬಹುದಿತ್ತು. ಅವನಿಗೆ ಹೆಸರೂ ಇರುತ್ತಿರಲಿಲ್ಲ. ಅವನನ್ನೇ ನಾಯಕನ ಪಾತ್ರ ಮಾಡಿದರೆ ಹೇಗೆ ಅನ್ನುವ ಆಸೆಯಿಂದ ಶುರು ಮಾಡಿದೆ.

ಮೊದಲ ಕರಡಿನ ನಿಯಮ ಸರಳವಾಗಿತ್ತು. ದೀವಟಿಗೆಯ ಬೆಳಕಿನಲ್ಲಿ ನಿಂತವರೆಲ್ಲರಿಗೂ ಪ್ರತಿ ಏಟಿಗೆ ಎರಡು ಅಂಕ ಹೆಚ್ಚು. ಆಡಿಸಿದೆ. ಅರ್ಧ ಸಲ ಆ ಎರಡನ್ನು ಕೂಡಿಸಲು ಮರೆತರು. ಉಳಿದರ್ಧ ಸಲ ದೀವಟಿಗೆಯಾಳೇ "ಎರಡು ಸೇರಿಸ್ಕೊಂಡ್ಯಾ?" ಅಂತ ಕೇಳುತ್ತಾ ಕೂತ. ಲೆಕ್ಕದ ಮೇಷ್ಟ್ರ ಕೆಲಸ. ಅದನ್ನು ಹರಿದು ಹಾಕಿದೆ.

ಎರಡನೇ ಕರಡಿಗೆ ಮನೆಯ ಚೌಕಾಬಾರದ ಡಬ್ಬಿಯಿಂದ ಮೂರು ಕವಡೆ ತಂದೆ. ಕಾದಾಟ ಶುರುವಾದಾಗ ಮೂರೂ ದೀವಟಿಗೆಯಾಳಿನ ಮುಂದೆ ಇರುತ್ತವೆ. ಅವನು ತನ್ನ ಸರದಿಯಲ್ಲಿ ನಡೆಯಬಹುದು, ಹೊಡೆಯಬಹುದು, ಜೊತೆಗೆ ಬೆಳಕಿನಲ್ಲಿ ನಿಂತ ಒಬ್ಬರ ಕೈಗೆ ಒಂದು ಕವಡೆ ಇಡಬಹುದು. ನಿಜವಾಗಿಯೂ ಕೈ ಚಾಚಿ ಇಡಬೇಕು. ಏಟು ತಪ್ಪಿದಾಗ, ಇಲ್ಲವೇ ಬೇರೆ ಪ್ರಯತ್ನ ಸೋತಾಗ, ಕವಡೆ ಹಿಡಿದವರು ಅದನ್ನು ಮೇಜಿನ ನಡುವೆ ಇಟ್ಟು ಆರು ಮುಖದ ದಾಳ ಉರುಳಿಸಿ ಕೂಡಿಸಿಕೊಳ್ಳುತ್ತಾರೆ. ಆಮೇಲೆ ಕವಡೆಯನ್ನು ಕೊಟ್ಟವನಿಗೇ ವಾಪಸ್ ಕೊಡಬೇಕು. ಈ ವಾಪಸ್ ಕೊಡುವುದು ಇಷ್ಟು ಕೆಲಸ ಮಾಡುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಕಳ್ಳನ ಪಾತ್ರದ ಹುಡುಗ ಗೋಡೆಯಿಂದ ಜಾರಿದ. ಕವಡೆ ಇಟ್ಟ, ದಾಳದಲ್ಲಿ ಐದು ಬಿತ್ತು, ಕೈಗೆ ಕಲ್ಲು ಸಿಕ್ಕಿತು. ಕವಡೆಯನ್ನು ಮೇಜಿನಾಚೆ ತಳ್ಳುತ್ತಾ, "ತಗೋ ಮಗಾ, ಬದುಕಿಸಿದೆ," ಅಂದ. ಹಾಗೆ ಅನ್ನಬೇಕು ಅಂತ ನಾನು ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ಕಾಟ ಉಳಿದಿತ್ತು. ಸಿಕ್ಕಿದ್ದನ್ನು ಜೋಪಾನ ಮಾಡಿ ಕೂರುವುದು. "ಈಗ ಬೇಡ, ದೊಡ್ಡ ರಾಕ್ಷಸ ಬರಲಿ" ಅಂತ ಇಟ್ಟುಕೊಂಡು ಕಾದಾಟವೇ ಮುಗಿದುಹೋಗುತ್ತದೆ. ಇಲ್ಲಿ ನನಗೆ ದಾರಿ ಸಿಕ್ಕಿದ್ದು ಕಚೇರಿಯಲ್ಲಿ. ಸಂಗೀತ ಕಚೇರಿಯಲ್ಲಿ. ಗಂಟೆಗಟ್ಟಲೆ ಹಾಡಿನ ಹಿಂದೆ ನಡೆದ ಮೃದಂಗಕ್ಕೆ, ಘಟಕ್ಕೆ ತನಿ ಆವರ್ತನದಲ್ಲಿ ಇಡೀ ವೇದಿಕೆ ಸಿಗುತ್ತದೆ. ಆಗ ಹಾಡುವವರು ಸುಮ್ಮನೆ ಕೂರುವುದಿಲ್ಲ, ಕೈಯಲ್ಲಿ ತಾಳ ಹಾಕುತ್ತಾರೆ. ಮುಂದಿದ್ದವರು ಪಕ್ಕಕ್ಕೆ ಬರುತ್ತಾರೆ. (ತನಿ ಶುರುವಾದಾಗ ಕಾಫಿಗೆ ಏಳುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.)

ಹಾಗಾಗಿ ಮೂರನೇ ಕರಡಿನಲ್ಲಿ ದೀವಟಿಗೆಯಾಳಿಗೂ ಒಂದು ತನಿ ಬಂತು. ಕೊಟ್ಟ ಮೂರು ಕವಡೆಯೂ ವಾಪಸ್ ಬಂದ ಮೇಲೆ, ಆ ಕಾದಾಟದಲ್ಲಿ ಒಂದು ಸಲ, ಅವನು ದೀವಟಿಗೆಯನ್ನು ಭುಗಿಲೆಬ್ಬಿಸಬಹುದು. ಬೆಳಕಿನಲ್ಲಿ ನಿಂತ ಪ್ರತಿಯೊಬ್ಬರೂ ಒಂದೊಂದು ನಾಲ್ಕು ಮುಖದ ದಾಳವನ್ನು ಅವನ ಕೈಗೆ ಕೊಡುತ್ತಾರೆ, ಎಲ್ಲವೂ ಅವನ ಏಟಿಗೆ ಸೇರುತ್ತವೆ. ಈಗ ಕವಡೆ ಹಿಡಿದು ಕೂತವರಿಗೆ ಒತ್ತಡ. "ಬೇಗ ಬಳಸು, ಅವನಿಗೆ ಕವಡೆ ಬೇಕು" ಅಂತ ಕತ್ತಿಯವಳೇ ಕಳ್ಳನಿಗೆ ಹೇಳತೊಡಗಿದಳು. ಜೋಪಾನ ಮಾಡುವ ಚಾಳಿ ತಾನಾಗಿ ಬಿಟ್ಟಿತು.

ಬಿಟ್ಟಿ ಸಹಾಯದ ಬಗ್ಗೆಯೂ ಒಂದು ಎಚ್ಚರಿಕೆ. 2014ರ ಐದನೇ ಆವೃತ್ತಿಯ ನಿಯಮದಲ್ಲಿ, ಗೆಳೆಯರ ಪ್ರಯತ್ನಕ್ಕೆ ನೆರವಾಗುವ 'ಗೈಡೆನ್ಸ್' ಎಂಬ ಮಂತ್ರಕ್ಕೆ ಖರ್ಚೇ ಇಲ್ಲ. ಯಾರು ಬಾಗಿಲು ತಳ್ಳಲಿ, ಮರ ಹತ್ತಲಿ, "ಗೈಡೆನ್ಸ್!" ಅಂತ ಮೇಜಿನ ಮೂಲೆಯಿಂದ ಕೂಗು. ಹತ್ತನೇ ಸಲಕ್ಕೆ ಕೊಡುವವರಿಗೂ ಪಡೆಯುವವರಿಗೂ ರುಚಿ ಇರುವುದಿಲ್ಲ. ಮೂರೇ ಕವಡೆ ಇರುವುದು ಅದಕ್ಕೇ. ಐದು ಇಟ್ಟು ನೋಡಿದೆ, ಯಾರಿಗೆ ಕೊಡಲಿ ಅಂತ ಯಾರೂ ಯೋಚಿಸಲೇ ಇಲ್ಲ.

ಈಗ ಸಿಕ್ಕಿಹಾಕಿಕೊಂಡಿರುವುದು ದೀವಟಿಗೆಯಾಳೇ ಬಿದ್ದರೆ ಏನು ಅನ್ನುವಲ್ಲಿ. ದೀವಟಿಗೆ ನೆಲದಲ್ಲಿ ಉರಿಯುತ್ತಿರುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಅಷ್ಟು ಖಚಿತ. ಆದರೆ ಹೊರಗಿರುವ ಕವಡೆಗಳು? ಒಂದು ಕರಡಿನಲ್ಲಿ ಅವು ಅಲ್ಲಿಗೇ ಸತ್ತವು. ಇನ್ನೊಂದರಲ್ಲಿ, ಕವಡೆ ಹಿಡಿದವರು ಅದನ್ನು ಬಿದ್ದವನ ಎದೆಯ ಮೇಲಿಟ್ಟರೆ ಅವನು ಎದ್ದು ಕೂರುತ್ತಾನೆ. ಎರಡನೆಯದು ಬಹಳ ಬಲವಾಯಿತೇನೋ ಅಂತ ಅನುಮಾನ. ಶನಿವಾರ ಎರಡನ್ನೂ ಆಡಿಸುತ್ತೇವೆ. ತಡವಾಗಿ ಬಂದಿದ್ದನಲ್ಲ, ಅವನನ್ನೂ ಕರೆದಿದ್ದೇನೆ. ಈ ಸಲ ಎಲ್ಲರಿಗಿಂತ ಮೊದಲು ಅವನೇ ಪಾತ್ರ ಆರಿಸಿಕೊಳ್ಳಲಿ ಅಂತ ಹೇಳಿದ್ದೇನೆ.